ಚಿನಿವಾರರು ಬಾಗಿಲು ಹಾಕಿದ ದಿನ: ರೋಮಿನ ಬೆಳ್ಳಿ ನಾಣ್ಯದ ಏಳುಬೀಳು

ಕ್ರಿ.ಶ. 260ರ ನವೆಂಬರ್. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರು. ಇಂದಿನ ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದ ಜಿಲ್ಲಾ ಪಟ್ಟಣ ಅದು. ಅಲ್ಲಿನ ಚಿನಿವಾರರು, ಅಂದರೆ ನಾಣ್ಯ ಬದಲಾಯಿಸಿ ಕೊಡುವವರು, ಅಂಗಡಿಗಳ ಬಾಗಿಲು ಹಾಕಿಕೊಂಡು ಕೂತರು. ಗಿರಾಕಿ ಇಲ್ಲ ಅಂತಲ್ಲ. ಚಕ್ರವರ್ತಿಯ ಮುಖ ಇರುವ ನಾಣ್ಯ ಮುಟ್ಟಲು ಅವರಿಗೆ ಮನಸ್ಸಿರಲಿಲ್ಲ.

ದೂರು ಜಿಲ್ಲಾಧಿಕಾರಿಯ ತನಕ ಹೋಯಿತು. ಆತನ ಹೆಸರು ಆರೀಲಿಯಸ್ ಟಾಲೆಮಿಯಸ್. ಆತ ಹೊರಡಿಸಿದ ಆದೇಶ ಪಪೈರಸ್ ಹಾಳೆಯ ಮೇಲೆ ಇಂದಿಗೂ ಉಳಿದಿದೆ. ಅದರ ಸಾರ ಇಷ್ಟು: ಚಿನಿವಾರರೆಲ್ಲ ಕೂಡಲೇ ಅಂಗಡಿ ತೆರೆಯಬೇಕು. ಅಪ್ಪಟ ಖೊಟ್ಟಿ ನಾಣ್ಯ ಬಿಟ್ಟು ಬೇರೆಲ್ಲ ನಾಣ್ಯಗಳನ್ನು ತೆಗೆದುಕೊಳ್ಳಬೇಕು, ಬದಲಾಯಿಸಿ ಕೊಡಬೇಕು. ಅವರಷ್ಟೇ ಅಲ್ಲ, ಯಾವ ವ್ಯಾಪಾರ ಮಾಡುವವರಿಗೂ ಇದೇ ಅಪ್ಪಣೆ. ತಪ್ಪಿದರೆ ಶಿಕ್ಷೆ.

ಸರ್ಕಾರದ ಹಣವನ್ನು ಸರ್ಕಾರದ ಪ್ರಜೆಗಳು ತೆಗೆದುಕೊಳ್ಳಬೇಕು ಅಂತ ಹೆದರಿಸಿ ಹೇಳಬೇಕಾಯಿತು. ರೋಮಿನ ಪತನದ ಮಾತು ಬಂದಾಗ ನಮಗೆ ಮೊದಲು ನೆನಪಾಗುವುದು ಕೋಟೆ ಬಾಗಿಲು ಮುರಿದು ನುಗ್ಗುವ ದಂಡು, ಉರಿಯುವ ನಗರ. ನನಗೆ ಮಾತ್ರ ಆಕ್ಸಿರಿಂಕಸ್ಸಿನ ಈ ಮುಚ್ಚಿದ ಬಾಗಿಲುಗಳೇ ಜಾಸ್ತಿ ಹೇಳುತ್ತವೆ ಅನ್ನಿಸುತ್ತದೆ. ರೋಮ್ ಮೇಲೇರಿದ್ದನ್ನೂ ಇಳಿದದ್ದನ್ನೂ ಒಂದೇ ವಸ್ತುವಿನಲ್ಲಿ ನೋಡಬೇಕೆಂದರೆ ಅದರ ಬೆಳ್ಳಿ ನಾಣ್ಯವನ್ನು ನೋಡಬೇಕು. ಈ ಬರಹ ಆ ಒಂದು ನಾಣ್ಯದ ಪ್ರಕರಣ.

(ಆಕ್ಸಿರಿಂಕಸ್ ಕನ್ನಡಿಗರಿಗೆ ತೀರಾ ಅಪರಿಚಿತ ಊರೇನಲ್ಲ. ಮಂಜೇಶ್ವರ ಗೋವಿಂದ ಪೈಯವರು ಕನ್ನಡ ಮಾತುಗಳಿವೆ ಎಂದು ವಾದಿಸಿದ ಗ್ರೀಕ್ ಪ್ರಹಸನ ಸಿಕ್ಕಿದ್ದು ಇದೇ ಊರಿನ ಹಳೆಯ ಕಸದ ದಿಬ್ಬಗಳಲ್ಲಿ. ಆ ವಾದವನ್ನು ವಿದ್ವಾಂಸರೆಲ್ಲ ಒಪ್ಪಿಲ್ಲ. ಆದರೂ ಅದೇ ಕಸದಲ್ಲಿ ಈ ಆದೇಶವೂ ಬಿದ್ದಿತ್ತು ಅಂದಾಗ ಊರು ಸ್ವಲ್ಪ ಹತ್ತಿರವಾಗುತ್ತದೆ, ಅಲ್ವಾ?)

ಬೆಳ್ಳಿ ಬಂದ ದಾರಿ

ನಾಣ್ಯದ ಹೆಸರು ದಿನಾರಿಯಸ್. ಹುಟ್ಟಿದ್ದು ಕ್ರಿ.ಪೂ. 211ರ ಸುಮಾರಿಗೆ. ಆಗ ರೋಮಿಗೆ ಜೀವನ್ಮರಣದ ಯುದ್ಧ. ಕಾರ್ತೇಜಿನ ಹ್ಯಾನಿಬಲ್ ಇಟಲಿಯ ಒಳಗೇ ದಂಡು ಹೂಡಿ ಕೂತಿದ್ದ. ಹಳೆಯ ನಾಣ್ಯ ವ್ಯವಸ್ಥೆ ಯುದ್ಧದ ಖರ್ಚಿಗೆ ಕುಸಿದುಬಿದ್ದಿತ್ತು. ಹೊಸದಾಗಿ ಶುರುಮಾಡಿದ ಬೆಳ್ಳಿ ನಾಣ್ಯಕ್ಕೆ ಹತ್ತು ತಾಮ್ರದ ಕಾಸುಗಳ ಬೆಲೆ. ಆ ಹತ್ತೇ ಹೆಸರಾಯಿತು.

ರೋಮ್ ಗೆದ್ದಿತು. ಸೋತ ಕಾರ್ತೇಜ್ 50 ವರ್ಷಗಳಲ್ಲಿ 10,000 ಟ್ಯಾಲೆಂಟ್ (ಆ ಕಾಲದ ತೂಕದ ಒಂದು ದೊಡ್ಡ ಅಳತೆ) ಬೆಳ್ಳಿ ಕಟ್ಟಬೇಕಾಯಿತು. ಅದಕ್ಕಿಂತ ದೊಡ್ಡ ಗಳಿಕೆ ಸ್ಪೇನಿನ ಬೆಳ್ಳಿ ಗಣಿಗಳು. ಇಂದಿನ ಕಾರ್ಟಜೀನಾ ಊರಿನ ಸುತ್ತಲಿನ ಗಣಿಗಳಲ್ಲಿ 40,000 ಜನ ದುಡಿಯುತ್ತಿದ್ದರು, ದಿನಕ್ಕೆ 25,000 ದ್ರಾಕ್ಮಾದಷ್ಟು (ದ್ರಾಕ್ಮಾ ಅಂದರೆ ಗ್ರೀಕರ ಬೆಳ್ಳಿ ನಾಣ್ಯ) ಬೆಳ್ಳಿ ರೋಮಿಗೆ ಸೇರುತ್ತಿತ್ತು ಎಂದು ಕ್ರಿ.ಪೂ. ಎರಡನೇ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಆ 40,000 ಜನರಲ್ಲಿ ಬಹುಪಾಲು ಗುಲಾಮರೇ ಇದ್ದಿರಬೇಕು. ನೆಲದಡಿಯ ಸುರಂಗದಲ್ಲಿ, ದೀಪದ ಹೊಗೆಯಲ್ಲಿ ಅವರು ಸವೆಸಿದ ಬದುಕೂ ಆ ಹೊಳೆಯುವ ನಾಣ್ಯದಲ್ಲಿ ಸೇರಿದೆ. ಇದನ್ನು ಮರೆತು ರೋಮಿನ ವೈಭವದ ಮಾತಾಡಬಾರದು.

ಮುಂದೆ ಮ್ಯಾಸಿಡೋನಿಯಾ ಬಿತ್ತು. ಅಲ್ಲಿಂದ ಬಂದ ಲೂಟಿ ಎಷ್ಟಿತ್ತೆಂದರೆ ಕ್ರಿ.ಪೂ. 167ರಿಂದ ಇಟಲಿಯ ರೋಮನ್ ಪ್ರಜೆಗಳು ನೇರ ತೆರಿಗೆ ಕಟ್ಟುವುದೇ ನಿಂತಿತು. ಖರ್ಚನ್ನು ಸೋತವರು ಹೊರುತ್ತಿದ್ದರು. ಗೆದ್ದರೆ ಬೆಳ್ಳಿ, ಬೆಳ್ಳಿ ಇದ್ದರೆ ಸೈನ್ಯ, ಸೈನ್ಯ ಇದ್ದರೆ ಮತ್ತೊಂದು ಗೆಲುವು. ರೋಮ್ ಏರಿದ್ದು ಈ ಗಾಲಿಯ ಮೇಲೆ. ಗಾಲಿ ಉರುಳುತ್ತಿರುವ ತನಕ ಮಾತ್ರ ಇದು ನಡೆಯುವ ಲೆಕ್ಕ ಎಂಬುದನ್ನು ಇಲ್ಲಿಯೇ ಗಮನಿಸಿ.

ಆಗಸ್ಟಸ್ ಚಕ್ರವರ್ತಿಯ ಕಾಲಕ್ಕೆ ಒಂದು ರೋಮನ್ ಪೌಂಡ್ ಬೆಳ್ಳಿಯಲ್ಲಿ 84 ದಿನಾರಿಯಸ್ ಹೊಡೆಯುತ್ತಿದ್ದರು. ಒಂದೊಂದರ ತೂಕ 4 ಗ್ರಾಮಿಗಿಂತ ತುಸು ಕಡಿಮೆ. ಹೆಚ್ಚುಕಡಿಮೆ ಅಪ್ಪಟ ಬೆಳ್ಳಿ. ಒಬ್ಬ ಸಾಮಾನ್ಯ ಸಿಪಾಯಿಗೆ ವರ್ಷಕ್ಕೆ 225 ದಿನಾರಿಯಸ್ ಸಂಬಳ.

ಈ ನಾಣ್ಯ ನಮ್ಮ ನೆಲಕ್ಕೂ ಬಂತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ಅಗೆಯುವಾಗ ಒಂದು ರಾಶಿ ದಿನಾರಿಯಸ್ ಸಿಕ್ಕಿತು. ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಕಾಲದವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಇನ್ನೊಂದು ರಾಶಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಟೈಬೀರಿಯಸನ ನಾಣ್ಯ ಸಿಕ್ಕಿದೆ. ಕರಿಮೆಣಸು, ಹತ್ತಿಬಟ್ಟೆ, ಮುತ್ತು, ರತ್ನಗಳಿಗೆ ರೋಮಿನವರು ಬೆಳ್ಳಿ ಬಂಗಾರವನ್ನೇ ಸುರಿಯುತ್ತಿದ್ದರು. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಭಾರತಕ್ಕೆ ಹರಿದುಹೋಗುತ್ತಿದೆ ಅಂತ ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ ಸಂಕಟಪಟ್ಟು ಬರೆದ. ನಾಲ್ಕು ಸೆಸ್ಟರ್ಸ್ ಅಂದರೆ ಒಂದು ದಿನಾರಿಯಸ್.

ಅದೇ ಪ್ಲಿನಿ ಇನ್ನೊಂದು ಸಂಗತಿ ಹೇಳುತ್ತಾನೆ. ಅದು ನನಗೆ ತುಂಬಾ ಇಷ್ಟ. ಕ್ಲಾಡಿಯಸನ ಕಾಲದಲ್ಲಿ ರೋಮಿನ ಒಬ್ಬ ಮನುಷ್ಯ ಬಿರುಗಾಳಿಗೆ ಸಿಕ್ಕು ಲಂಕೆ ತಲುಪಿದ. ಅಲ್ಲಿನ ರಾಜ ಅವನ ಬಳಿಯಿದ್ದ ದಿನಾರಿಯಸ್‌ಗಳನ್ನು ನೋಡಿದ. ಮುಖಗಳು ಬೇರೆ ಬೇರೆ. ಒಬ್ಬೊಬ್ಬ ಚಕ್ರವರ್ತಿಯದು ಒಂದೊಂದು. ಆದರೆ ತೂಕ ಎಲ್ಲದರದೂ ಒಂದೇ. ದೊರೆ ಬದಲಾದರೂ ತೂಕ ಬದಲಾಗದ ನಾಡು ನಂಬಿಕಸ್ಥರ ನಾಡು ಎಂದು ರಾಜ ಮೆಚ್ಚಿದನಂತೆ. ಕಂಡಿರದ ಊರು, ತಿಳಿಯದ ಭಾಷೆ. ತಕ್ಕಡಿಯಲ್ಲಿ ಕೂತ ನಾಣ್ಯವೇ ರೋಮಿನ ಪರವಾಗಿ ಮಾತಾಡಿತ್ತು.

ಮೊದಲ ಬೆರಕೆ

ಅದಾಗಿ ಹೆಚ್ಚು ವರ್ಷ ಆಗಿರಲಿಲ್ಲ. ಕ್ರಿ.ಶ. 64ರಲ್ಲಿ ರೋಮ್ ನಗರ ಹೊತ್ತಿ ಉರಿಯಿತು. ಊರನ್ನು ಮತ್ತೆ ಕಟ್ಟಬೇಕು, ಚಕ್ರವರ್ತಿ ನೀರೋನ ಹೊಸ ಅರಮನೆಯೂ ಏಳಬೇಕು. ಬೊಕ್ಕಸದಲ್ಲಿ ಅಷ್ಟು ಹಣವಿಲ್ಲ. ನೀರೋ ಒಂದು ಪೌಂಡಿಗೆ 84ರ ಬದಲು 96 ನಾಣ್ಯ ಹೊಡೆಸಿದ. ಜೊತೆಗೆ ಬೆಳ್ಳಿಗೆ ತಾಮ್ರ ಬೆರೆಸಿದ.

ಇಲ್ಲಿ ಟಂಕಸಾಲೆಯ ಒಳಗೆ ಸ್ವಲ್ಪ ಇಣುಕಬೇಕು. ಬೆರಕೆ ಲೋಹದ ಬಿಲ್ಲೆ ಕಾಯಿಸಿದಾಗ ಮೇಲ್ಮೈಯ ತಾಮ್ರ ಕಪ್ಪಾಗುತ್ತದೆ. ಅದನ್ನು ಹುಳಿಯಲ್ಲಿ ಅದ್ದಿದರೆ ಆ ಕಪ್ಪು ಕರಗಿಹೋಗಿ ಮೇಲೆ ತೆಳುವಾದ ಬೆಳ್ಳಿಯ ಪದರ ಉಳಿಯುತ್ತದೆ. ನಮ್ಮ ಅಕ್ಕಸಾಲಿಗರು ಬೆಳ್ಳಿ ಒಡವೆಯನ್ನು ಹುಣಸೆ ಹುಳಿಯಲ್ಲಿ ಕುದಿಸಿ ಬೆಳ್ಳಗೆ ಮಾಡುವುದನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಆ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿದರೆ ನಾಣ್ಯ ಸಿದ್ಧ. ಹೊರಗೆ ಫಳಫಳ ಬೆಳ್ಳಿ, ಒಳಗೆ ತಾಮ್ರದ ಬೆರಕೆ. ಮೇಲೆ ಥಳುಕು, ಒಳಗೆ ಹುಳುಕು ಅನ್ನುವ ನಮ್ಮ ಗಾದೆ ಅಕ್ಷರಶಃ ಅಚ್ಚಾಗಿ ಬರುತ್ತಿತ್ತು. ಈ ಪದರ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ನಮ್ಮ ಕಾಲದಲ್ಲಿ ಬರೀ ಮೇಲ್ಮೈ ಪರೀಕ್ಷೆ ಮಾಡಿದ ಸಂಶೋಧಕರೂ ಬೆಳ್ಳಿಯ ಪಾಲನ್ನು ಇರುವುದಕ್ಕಿಂತ ಜಾಸ್ತಿ ಎಣಿಸಿದ್ದುಂಟು. ಒಳಗಿನ ತನಕ ಕೊರೆದು ನೋಡಿದ ಮೇಲೆ ನಿಜ ಗೊತ್ತಾಯಿತು.

ಆದರೆ ಬೆಳ್ಳಿ ತೂಗಿ ತೆಗೆದುಕೊಳ್ಳುವವರಿಗೆ ವ್ಯತ್ಯಾಸ ಗೊತ್ತಾಗದೆ ಇರುತ್ತದೆಯೇ? ದಕ್ಷಿಣ ಭಾರತದಲ್ಲಿ ಸಿಕ್ಕ ದಿನಾರಿಯಸ್ ರಾಶಿಗಳಲ್ಲಿ ಬಹುಪಾಲು ನೀರೋಗಿಂತ ಹಿಂದಿನವು. ಆಗಸ್ಟಸ್ ಮತ್ತು ಟೈಬೀರಿಯಸ್ ಇವರದೇ ಜಾಸ್ತಿ. ನೀರೋನ ನಂತರದ ಬೆಳ್ಳಿ ಇಲ್ಲಿ ಅಪರೂಪ.

ರೋಮಿನ ಒಳಗೆ ಮಾತ್ರ ಯಾರೂ ದೊಡ್ಡದಾಗಿ ಗಲಾಟೆ ಮಾಡಲಿಲ್ಲ. ನಾಣ್ಯ ನಡೆಯಿತು. ಮುಂದಿನ ಎಲ್ಲ ಕಷ್ಟಕ್ಕೂ ದಾರಿ ತೆರೆದದ್ದು ಇದೇ ಅಂತ ನನ್ನ ಲೆಕ್ಕ. ಹಾಲಿಗೆ ಮೊದಲ ಲೋಟ ನೀರು ಬೆರೆಸಿದಾಗ ಯಾರೂ ಕೇಳದಿದ್ದರೆ ಎರಡನೇ ಲೋಟಕ್ಕೆ ಕೈ ನಡುಗುವುದಿಲ್ಲ.

ಗಾಲಿ ನಿಂತಾಗ

ಚಕ್ರವರ್ತಿ ಟ್ರೇಜನ್ 106ರಲ್ಲಿ ಡೇಸಿಯಾ ಗೆದ್ದ. ಅದು ಇಂದಿನ ರೊಮೇನಿಯಾ. ಅಲ್ಲಿನ ಚಿನ್ನ ಬಂತು. ದೊಡ್ಡ ಮಟ್ಟದ ಲೂಟಿ ಅದೇ ಕೊನೆ ಅಂತ ಹೇಳಬಹುದು. ನಂತರ ಬಂದ ಹೇಡ್ರಿಯನ್ ಸಾಮ್ರಾಜ್ಯ ಬೆಳೆಸುವುದು ಬಿಟ್ಟು ಗಡಿ ಕಾಯುವುದಕ್ಕೆ ನಿಂತ. ಬುದ್ಧಿವಂತ ನಿರ್ಧಾರವೇ. ಆದರೆ ಗಡಿ ಕಾಯುವ ಸೈನ್ಯ ಲೂಟಿ ತರುವುದಿಲ್ಲ, ಸಂಬಳ ಮಾತ್ರ ಕೇಳುತ್ತದೆ.

165ರ ಸುಮಾರಿಗೆ ಪಿಡುಗು ಬಂತು. ಪೂರ್ವದ ಯುದ್ಧದಿಂದ ಮರಳಿದ ಸೈನಿಕರ ಜೊತೆ ಬಂದ ರೋಗ ಊರೂರನ್ನು ಹೊಡೆಯಿತು. ಹೊಲದಲ್ಲಿ ಆಳಿಲ್ಲ, ಗಣಿಯಲ್ಲಿ ಆಳಿಲ್ಲ. ಇದಕ್ಕೆ ಸಾಕ್ಷಿ ವಿಚಿತ್ರವಾದ ಜಾಗದಲ್ಲಿ ಸಿಕ್ಕಿದೆ. ಬೆಳ್ಳಿಯನ್ನು ಸೀಸದ ಅದಿರಿನಿಂದ ಬೇರ್ಪಡಿಸುವಾಗ ಏಳುವ ಹೊಗೆಯಲ್ಲಿ ಸೀಸದ ಕಣಗಳಿರುತ್ತವೆ. ಅವು ಗಾಳಿಯಲ್ಲಿ ತೇಲಿ ಗ್ರೀನ್‌ಲ್ಯಾಂಡಿನ ಹಿಮದ ಮೇಲೆ ಬಿದ್ದು, ವರ್ಷವರ್ಷದ ಪದರಗಳಲ್ಲಿ ಹೂತುಹೋಗಿವೆ. ಆ ಹಿಮವನ್ನು ಕೊರೆದು ಓದಿದವರು ಕಂಡದ್ದು ಇದು: ರೋಮಿನ ಮೊದಲೆರಡು ಶತಮಾನಗಳಲ್ಲಿ ಏರಿದ್ದ ಸೀಸದ ಪ್ರಮಾಣ ಈ ಪಿಡುಗಿನ ಹೊತ್ತಿಗೆ ಕುಸಿಯಿತು. ಮತ್ತೆ ಆ ಎತ್ತರಕ್ಕೆ ಏರಲು ಶತಮಾನಗಳೇ ಬೇಕಾದವು. ಸ್ಪೇನಿನ ಕುಲುಮೆಗಳು ತಣ್ಣಗಾದ ಸುದ್ದಿಯನ್ನು ಉತ್ತರ ಧ್ರುವದ ಹತ್ತಿರದ ಹಿಮ ಬರೆದಿಟ್ಟುಕೊಂಡಿದೆ.

ಆಗ ಆಳುತ್ತಿದ್ದವನು ಮಾರ್ಕಸ್ ಆರೀಲಿಯಸ್. ಡ್ಯಾನ್ಯೂಬ್ ನದಿಯಾಚೆಯ ಯುದ್ಧಕ್ಕೆ ಹಣ ಸಾಲದೆ ಅವನು ಅರಮನೆಯ ಚಿನ್ನದ ಪಾತ್ರೆ, ಹರಳಿನ ಬಟ್ಟಲು, ಹೆಂಡತಿಯ ರೇಷ್ಮೆ ವಸ್ತ್ರಗಳನ್ನು ರೋಮಿನ ಚೌಕದಲ್ಲಿ ಹರಾಜಿಗಿಟ್ಟ ಎಂದು ಹಳೆಯ ಬರಹಗಳಲ್ಲಿದೆ. ಹರಾಜು ಎರಡು ತಿಂಗಳು ನಡೆಯಿತಂತೆ. ಅವನ ಕಾಲದಲ್ಲೂ ಬೆಳ್ಳಿಯ ಪಾಲು ಇಳಿಯಿತು, ನಿಜ. ಆದರೂ ಜನರ ಜೇಬಿಗೆ ಕೈಹಾಕುವ ಮೊದಲು ತನ್ನ ಮನೆಯ ಸಾಮಾನು ಮಾರಿದ ದೊರೆ ಎಂಬ ಗೌರವ ಅವನಿಗೆ ಸಲ್ಲಬೇಕು.

ನಂತರದವರಲ್ಲಿ ಆ ಸಂಕೋಚ ಇರಲಿಲ್ಲ. 193ರಲ್ಲಿ ಅರಮನೆ ಕಾವಲಿನ ಸೈನಿಕರು ಚಕ್ರವರ್ತಿ ಪೆರ್ಟಿನಾಕ್ಸನನ್ನು ಕೊಂದು ಸಿಂಹಾಸನವನ್ನೇ ಹರಾಜು ಹಾಕಿದರು. ಡಿಡಿಯಸ್ ಜೂಲಿಯಾನಸ್ ಎಂಬ ಶ್ರೀಮಂತ ಒಬ್ಬೊಬ್ಬ ಸೈನಿಕನಿಗೆ 25,000 ಸೆಸ್ಟರ್ಸ್ ಕೂಗಿ ಗೆದ್ದ. 66 ದಿನ ಆಳಿ ಸತ್ತ. ಅವನನ್ನು ಇಳಿಸಿ ಬಂದವನು ಸೆಪ್ಟಿಮಿಯಸ್ ಸೆವೆರಸ್. ತನ್ನನ್ನು ಏರಿಸಿದ್ದು ಯಾರು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಿಪಾಯಿಗಳ ಸಂಬಳ ಹೆಚ್ಚಿಸಿದ, ಹೊಸ ದಳ ಕಟ್ಟಿದ. ಆ ಹಣ ಎಲ್ಲಿಂದ? ದಿನಾರಿಯಸ್‌ನ ಬೆಳ್ಳಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಸಾಯುವಾಗ ಮಕ್ಕಳಿಗೆ ಹೇಳಿದ ಮಾತು ಅದೇ ಕಾಲದ ಇತಿಹಾಸಕಾರ ಕ್ಯಾಸಿಯಸ್ ಡಿಯೋನ ಪುಸ್ತಕದಲ್ಲಿದೆ: ನೀವಿಬ್ಬರೂ ಹೊಂದಿಕೊಂಡಿರಿ, ಸೈನಿಕರನ್ನು ಶ್ರೀಮಂತರನ್ನಾಗಿ ಮಾಡಿ, ಉಳಿದವರನ್ನು ಲೆಕ್ಕಕ್ಕೆ ಇಡಬೇಡಿ.

ಮಗ ಕ್ಯಾರಕಲ್ಲಾ ಮೊದಲನೆಯ ಮಾತು ಮುರಿದು ತಮ್ಮನನ್ನೇ ಕೊಲ್ಲಿಸಿದ. ಎರಡನೆಯದನ್ನು ಚಾಚೂ ತಪ್ಪದೆ ಪಾಲಿಸಿದ. 215ರಲ್ಲಿ ಒಂದು ಹೊಸ ನಾಣ್ಯ ತಂದ. ಅದರಲ್ಲಿ ಚಕ್ರವರ್ತಿಯ ತಲೆಗೆ ಸೂರ್ಯಕಿರಣದಂಥ ಕಿರೀಟ. ಬೆಲೆ ಎರಡು ದಿನಾರಿಯಸ್, ಒಳಗಿನ ಬೆಳ್ಳಿ ಸುಮಾರು ಒಂದೂವರೆಯಷ್ಟು. ಡಿಯೋ ಇನ್ನೂ ಒಂದು ಮಾತು ಬರೆದಿದ್ದಾನೆ. ಗಡಿಯಾಚೆಯ ಜರ್ಮನ್ ಪಂಗಡಗಳನ್ನು ಸುಮ್ಮನಿರಿಸಲು ಕೊಟ್ಟ ಚಿನ್ನ ಅಪ್ಪಟ, ತನ್ನ ಜನರಿಗೆ ಕೊಟ್ಟದ್ದು ಬೆರಕೆ. ಡಿಯೋಗೆ ಕ್ಯಾರಕಲ್ಲಾನನ್ನು ಕಂಡರೆ ಆಗುತ್ತಿರಲಿಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು. ಆದರೂ ಹೊರಗಿನವರಿಗೆ ಅಸಲಿ ಕೊಡಲೇಬೇಕು, ಒಳಗಿನವರು ಏನು ಕೊಟ್ಟರೂ ತೆಗೆದುಕೊಳ್ಳುತ್ತಾರೆ ಎಂಬ ಲೆಕ್ಕ ಆ ಕಾಲದ ಆಡಳಿತದಲ್ಲಿ ಇತ್ತು ಅನ್ನುವುದಕ್ಕೆ ನಾಣ್ಯಗಳೇ ಸಾಕ್ಷಿ.

ಮುಂದಿನದು ಬೇಗ ಬೇಗ. 235ರಿಂದ 284ರ ತನಕ ಇಪ್ಪತ್ತಕ್ಕೂ ಹೆಚ್ಚು ಚಕ್ರವರ್ತಿಗಳು, ಬಹಳಷ್ಟು ಜನ ಕತ್ತಿಗೆ ಸತ್ತವರು. ಏರಿದವರೆಲ್ಲ ಸಿಪಾಯಿಗಳಿಗೆ ಇನಾಮು ಹಂಚಬೇಕು. ಪೂರ್ವದಲ್ಲಿ ಪರ್ಷಿಯಾದ ಹೊಸ ಸಾಸಾನಿಯನ್ ದೊರೆಗಳು. 244ರಲ್ಲಿ ರೋಮಿನ ಚಕ್ರವರ್ತಿ ಫಿಲಿಪ್ ತನ್ನಿಂದ ಪ್ರಾಣ ಉಳಿಸಿಕೊಳ್ಳಲು 5 ಲಕ್ಷ ದಿನಾರ್ ಕೊಟ್ಟ ಎಂದು ದೊರೆ ಶಾಪುರ್ ಕಲ್ಲಿನಲ್ಲೇ ಕೆತ್ತಿಸಿದ್ದಾನೆ. 251ರಲ್ಲಿ ಚಕ್ರವರ್ತಿ ಡೀಸಿಯಸ್, ಗಾತರು ಎಂಬ ಜರ್ಮನ್ ಪಂಗಡದವರ ಕೈಯಲ್ಲಿ ಯುದ್ಧದಲ್ಲೇ ಸತ್ತ. ಅದೇ ಹೊತ್ತಿಗೆ ಇನ್ನೊಂದು ಪಿಡುಗು. 260ರಲ್ಲಿ ಚಕ್ರವರ್ತಿ ವಲೇರಿಯನ್ ಶಾಪುರನಿಗೆ ಸೆರೆ ಸಿಕ್ಕ. ರೋಮಿನ ಚಕ್ರವರ್ತಿಯೊಬ್ಬ ಶತ್ರುವಿಗೆ ಜೀವಂತ ಸೆರೆಯಾದದ್ದು ಅದೇ ಮೊದಲು. ಪಶ್ಚಿಮದಲ್ಲಿ ಗಾಲ್ (ಇಂದಿನ ಫ್ರಾನ್ಸ್ ಸುತ್ತಿನ) ಪ್ರಾಂತ ಬೇರೆ ರಾಜ್ಯವಾಯಿತು, ಸ್ಪೇನ್ ಕೂಡ ಅದರ ಜೊತೆ ಹೋಯಿತು.

ಮತ್ತೆ ಆಕ್ಸಿರಿಂಕಸ್‌ಗೆ

ಈಗ ಆ ಮುಚ್ಚಿದ ಬಾಗಿಲುಗಳ ಮುಂದೆ ಬಂದು ನಿಲ್ಲೋಣ. ವಲೇರಿಯನ್ ಸೆರೆಯಾದ ಸುದ್ದಿ ಬಂದಿದೆ. ಪೂರ್ವದಲ್ಲಿ ಮ್ಯಾಕ್ರಿಯಾನಸ್ ಮತ್ತು ಕ್ವಯಟಸ್ ಎಂಬ ಅಣ್ಣತಮ್ಮಂದಿರು ತಾವೇ ಚಕ್ರವರ್ತಿಗಳು ಅಂದಿದ್ದಾರೆ. ಈಜಿಪ್ಟ್ ಅವರ ಕಡೆ ಇದೆ. ಈಜಿಪ್ಟಿನಲ್ಲಿ ಓಡುತ್ತಿದ್ದುದು ಅಲೆಕ್ಸಾಂಡ್ರಿಯಾದಲ್ಲಿ ಅಚ್ಚಾಗುವ ನಾಲ್ಕು ದ್ರಾಕ್ಮಾದ ನಾಣ್ಯ. ಒಂದು ದಿನಾರಿಯಸ್‌ಗೆ ಅದನ್ನು ಸಮ ಎಂದು ಎಣಿಸುತ್ತಿದ್ದರು. ಅದರ ಬೆಳ್ಳಿಯೂ ಇಳಿಯುತ್ತಲೇ ಬಂದಿತ್ತು.

ಚಿನಿವಾರನ ಜಾಗದಲ್ಲಿ ನಿಂತು ನೋಡಿ. ಅವನ ಬದುಕೇ ನಾಣ್ಯ ತೂಗುವುದು, ಉಜ್ಜುವುದು, ಸದ್ದು ಕೇಳುವುದು. ಯಾರಿಗೂ ಗೊತ್ತಾಗದ್ದು ಅವನ ಬೆರಳಿಗೆ ಗೊತ್ತಾಗುತ್ತದೆ. ಅವನ ಮುಂದೆ ಎರಡು ಪ್ರಶ್ನೆ. ಇದರಲ್ಲಿ ಬೆಳ್ಳಿ ಎಷ್ಟಿದೆ? ಈ ಮುಖದವನು ನಾಳೆ ಇರುತ್ತಾನಾ? ಯಾವುದು ಮುಖ್ಯ ಕಾರಣ ಎಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿದೆ. ನನ್ನ ಪ್ರಕಾರ ಎರಡನ್ನೂ ಬಿಡಿಸಿ ನೋಡುವುದೇ ತಪ್ಪು. ಬೆಳ್ಳಿ ತುಂಬಾ ಇದ್ದರೆ ಮುಖ ಯಾರದಾದರೇನು, ಕರಗಿಸಿದರೂ ಬೆಲೆ ಬರುತ್ತದೆ. ಬೆಳ್ಳಿ ಇಲ್ಲದ ನಾಣ್ಯ ನಡೆಯುವುದು ಬರೀ ಮುಖದ ಬಲದ ಮೇಲೆ. ಆ ಮುಖಕ್ಕೇ ಭರವಸೆ ಇಲ್ಲದಿದ್ದರೆ ಕೈಯಲ್ಲಿ ಉಳಿಯುವುದು ತಾಮ್ರದ ಬಿಲ್ಲೆ. ಚಿನಿವಾರರ ಲೆಕ್ಕ ತಪ್ಪಿರಲಿಲ್ಲ. ಮರುವರ್ಷ ಆ ಅಣ್ಣತಮ್ಮಂದಿರು ಇರಲಿಲ್ಲ.

ಅತ್ತ ರೋಮಿನಲ್ಲಿ ವಲೇರಿಯನ್ನನ ಮಗ ಗ್ಯಾಲಿಯೆನಸ್ ಆಳುತ್ತಿದ್ದ. 268ರಲ್ಲಿ ಅವನು ಸಾಯುವ ಹೊತ್ತಿಗೆ ಕಿರಣದ ಕಿರೀಟದ ನಾಣ್ಯದಲ್ಲಿ ಬೆಳ್ಳಿ ನೂರಕ್ಕೆ ಐದಕ್ಕಿಂತ ಕಡಿಮೆ. ಬೆಳ್ಳಿ ನಾಣ್ಯ ಅಂತ ಕರೆಯುವುದು ರೂಢಿಗೆ ಮಾತ್ರ.

ಬೆಲೆ ಏರಿದ್ದು ಯಾವಾಗ?

ಇಲ್ಲಿ ಒಂದು ಅವಸರದ ತೀರ್ಮಾನಕ್ಕೆ ಬರುವವರು ಬಹಳ. ಬೆಳ್ಳಿ ಕಡಿಮೆಯಾದ ಹಾಗೆಲ್ಲ ಬೆಲೆ ಏರಿತು, ಬೆಲೆ ಏರಿದ್ದರಿಂದ ರೋಮ್ ಬಿತ್ತು ಅಂತ. ಈಜಿಪ್ಟಿನ ಪಪೈರಸ್ ಲೆಕ್ಕಪತ್ರಗಳು ಹಾಗೆ ಹೇಳುವುದಿಲ್ಲ. ಅಲ್ಲಿ ಗೋಧಿಯ ಬೆಲೆ ಮೊದಲ ಪಿಡುಗಿನ ನಂತರ, ಎರಡನೇ ಶತಮಾನದ ಕೊನೆಯ ಹೊತ್ತಿಗೆ, ಸುಮಾರು ಎರಡು ಪಟ್ಟಾಯಿತು. ಆಮೇಲೆ 270ರ ದಶಕದ ತನಕ ಹೆಚ್ಚು ಅಲ್ಲಾಡಲಿಲ್ಲ. ಬೆಳ್ಳಿ ಕರಗುತ್ತಿದ್ದರೂ ಬೆಲೆ ನಿಂತಿತ್ತು. ಯಾಕೆ? ಅದೇ ನಾಣ್ಯದಲ್ಲಿ ತೆರಿಗೆ ಕಟ್ಟಬಹುದಿತ್ತು, ಬಾಡಿಗೆ ಕೊಡಬಹುದಿತ್ತು, ಪಕ್ಕದವನೂ ತೆಗೆದುಕೊಳ್ಳುತ್ತಿದ್ದ. ಮುನ್ನೂರು ವರ್ಷದ ಹೆಸರು ಖಾಲಿ ನಾಣ್ಯವನ್ನೂ ಹೊತ್ತು ನಡೆಸುತ್ತಿತ್ತು. ಜನ ಸಾಮ್ರಾಜ್ಯಕ್ಕೆ ಕೊಟ್ಟ ಸಾಲ ಅದು, ಬಾಯಲ್ಲಿ ಯಾರೂ ಹೇಳದ ಸಾಲ.

ಅದು ಮುರಿದದ್ದು 274-275ರ ಸುಮಾರಿಗೆ. ಗೋಧಿ ಬೆಲೆ ಒಮ್ಮೆಗೇ ಸುಮಾರು ಹತ್ತು ಪಟ್ಟು. ಅದೂ ಯಾವಾಗ? ನಾಣ್ಯವನ್ನು ಸರಿ ಮಾಡಲು ಹೊರಟಾಗ.

ಆಗ ಚಕ್ರವರ್ತಿ ಆರೀಲಿಯನ್. ಚೂರಾಗಿದ್ದ ಸಾಮ್ರಾಜ್ಯವನ್ನು ಮತ್ತೆ ಒಂದು ಮಾಡಿದ ಗಟ್ಟಿಗ. ರೋಮಿನ ಟಂಕಸಾಲೆಯ ಕೆಲಸಗಾರರು ಬೆಳ್ಳಿ ಕದಿಯುತ್ತಿದ್ದರು ಅಂತ ಆರೋಪ ಬಂದು, ಅದು ದಂಗೆಯಾಗಿ, ಅದನ್ನು ಅಡಗಿಸುವಾಗ 7,000 ಸೈನಿಕರು ಸತ್ತರು ಎಂದು ನಾಲ್ಕನೇ ಶತಮಾನದ ಇತಿಹಾಸಕಾರ ಆರೀಲಿಯಸ್ ವಿಕ್ಟರ್ ಬರೆದಿದ್ದಾನೆ. ಸಂಖ್ಯೆ ಉಬ್ಬಿಸಿದ್ದಿರಬಹುದು. ಆಮೇಲೆ ಆರೀಲಿಯನ್ ಹೊಸ ನಾಣ್ಯ ಹೊಡೆಸಿದ. ಬೆಳ್ಳಿ ನೂರಕ್ಕೆ ಐದು. ಅದರ ಮೇಲೆ ಒಂದು ಗುರುತೂ ಹಾಕಿಸಿದ. ಇಪ್ಪತ್ತು ಪಾಲು ತಾಮ್ರ, ಒಂದು ಪಾಲು ಬೆಳ್ಳಿ ಎಂದು ಆ ಗುರುತಿನ ಅರ್ಥ ಎನ್ನುವವರು ಹಲವರು. ಹಿಂದಿನದಕ್ಕಿಂತ ಒಳ್ಳೆಯ ನಾಣ್ಯವೇ. ಆದರೆ ಹೊಸದು ಬಂತೆಂದರೆ ಹಳೆಯದರ ಬೆಲೆ ಎಷ್ಟು ಎಂಬ ಪ್ರಶ್ನೆ ಎಲ್ಲರ ಬಾಯಲ್ಲೂ ಬರುತ್ತದೆ. ನೂರು ವರ್ಷ ಯಾರೂ ಕೇಳದೆ ಬಿಟ್ಟಿದ್ದ ಪ್ರಶ್ನೆ ಅದು. ಕೇಳಿದ ಮೇಲೆ ಮುಚ್ಚಿಡಲು ಆಗಲಿಲ್ಲ.

ಆ ದಿನಗಳ ಆತಂಕ ಹೇಗಿತ್ತು ಅನ್ನುವುದಕ್ಕೆ ಒಂದು ಸಣ್ಣ ಕಾಗದ ಇದೆ. ನಾಲ್ಕನೇ ಶತಮಾನದ ಆರಂಭದ ಆಸುಪಾಸಿನದು, ಈಜಿಪ್ಟಿನದೇ. ಡಯೊನಿಸಿಯಸ್ ಎಂಬ ಅಧಿಕಾರಿ ತನ್ನ ಕೆಲಸ ನೋಡಿಕೊಳ್ಳುವ ಅಪಿಯೋನ್‌ಗೆ ಬರೆದದ್ದು. ನಾಣ್ಯದ ಬೆಲೆಯನ್ನು ಅರ್ಧಕ್ಕೆ ಇಳಿಸಲು ದೊರೆಗಳು ಅಪ್ಪಣೆ ಕೊಟ್ಟಿದ್ದಾರೆ, ನಿನ್ನ ಹತ್ತಿರ ಇರುವ ಇಟಲಿ ನಾಣ್ಯವನ್ನೆಲ್ಲ ಬೇಗ ಖರ್ಚು ಮಾಡು, ನನಗಾಗಿ ಎಂಥ ಸಾಮಾನು ಸಿಕ್ಕರೂ, ಎಷ್ಟು ಬೆಲೆಯಾದರೂ ಕೊಂಡುಬಿಡು. ಇಷ್ಟೇ ವಿಷಯ. ಒಳಗಿನ ಸುದ್ದಿ ಗೊತ್ತಿದ್ದ ಅಧಿಕಾರಿ ತನ್ನ ಹಣವನ್ನು ಸಾಮಾನಾಗಿ ಮಾಡಿಕೊಂಡ. ಆ ನಾಣ್ಯ ತೆಗೆದುಕೊಂಡು ಸಾಮಾನು ಮಾರಿದ ರೈತನಿಗೆ, ನೇಕಾರನಿಗೆ ಮರುದಿನ ಸುದ್ದಿ ತಿಳಿದಿರಬೇಕು. ಅವರ ಕಾಗದ ಯಾವುದೂ ಉಳಿದಿಲ್ಲ.

ಸರ್ಕಾರವೇ ಬೇಡ ಅಂದ ನಾಣ್ಯ

284ರಲ್ಲಿ ಬಂದ ಡಯೋಕ್ಲೀಷಿಯನ್ 301ರಲ್ಲಿ ಒಂದು ದೊಡ್ಡ ಶಾಸನ ಹೊರಡಿಸಿದ. ಬೆಲೆ ಏರಿದ್ದಕ್ಕೆಲ್ಲ ವ್ಯಾಪಾರಿಗಳ ದುರಾಸೆಯೇ ಕಾರಣ ಅಂತ ಅದರ ಪೀಠಿಕೆ ಬೈಯುತ್ತದೆ. ನಂತರ ಸಾವಿರಕ್ಕೂ ಹೆಚ್ಚು ವಸ್ತು ಮತ್ತು ಕೆಲಸಗಳಿಗೆ ಗರಿಷ್ಠ ಬೆಲೆಯ ಪಟ್ಟಿ. ಸೈನ್ಯದಲ್ಲಿ ಬಳಸುವ ಒಂದು ಅಳತೆ ಗೋಧಿಗೆ 100 ದಿನಾರಿಯಸ್. ಹೊಲದ ಆಳಿಗೆ ಊಟದ ಜೊತೆ ದಿನಕ್ಕೆ 25. ಕ್ಷೌರಕ್ಕೆ 2. ಅಕ್ಷರ ಕಲಿಸುವ ಮೇಷ್ಟ್ರಿಗೆ ಒಬ್ಬ ಹುಡುಗನಿಂದ ತಿಂಗಳಿಗೆ 50. ಆಗಸ್ಟಸ್ ಕಾಲದ ಸಿಪಾಯಿ ಒಂದು ವರ್ಷ ಕತ್ತಿ ಹಿಡಿದು ಪಡೆದ 225 ದಿನಾರಿಯಸ್, ಈಗ ಆಳಿನ ಒಂಬತ್ತು ದಿನದ ಕೂಲಿ. ಮೀರಿ ಮಾರಿದವನಿಗೆ ಮರಣದಂಡನೆ. ಸರಕು ಪೇಟೆಯಿಂದ ಮಾಯವಾಯಿತು, ಸಣ್ಣಪುಟ್ಟ ವಸ್ತುಗಳಿಗೂ ರಕ್ತ ಹರಿಯಿತು, ಕೊನೆಗೆ ಕಾನೂನೇ ಸತ್ತಿತು ಎಂದು ಅದೇ ಕಾಲದ ಲ್ಯಾಕ್ಟಾಂಟಿಯಸ್ ಬರೆದಿದ್ದಾನೆ. ಅವನು ಡಯೋಕ್ಲೀಷಿಯನ್‌ನ ಕಡು ವಿರೋಧಿ. ಆದರೂ ಈ ಪಟ್ಟಿ ಹೆಚ್ಚು ದಿನ ನಿಲ್ಲಲಿಲ್ಲ ಎಂಬುದು ನಿಜ.

ನನ್ನ ಪ್ರಕಾರ ಪತನದ ನಿಜವಾದ ತಿರುವು ಈ ಶಾಸನವಲ್ಲ, ಅದರ ಪಕ್ಕದಲ್ಲಿ ಸದ್ದಿಲ್ಲದೆ ಆದ ಬದಲಾವಣೆ. ಸೈನ್ಯಕ್ಕೆ ಬೇಕಾದ್ದನ್ನು ಸರ್ಕಾರ ವಸ್ತು ರೂಪದಲ್ಲೇ ತೆರಿಗೆಯಾಗಿ ಎತ್ತತೊಡಗಿತು. ಗೋಧಿ, ಎಣ್ಣೆ, ಮಾಂಸ, ಬಟ್ಟೆ. ಇದು ಹಿಂದೆಯೂ ಇತ್ತು, ಈಗ ಇಡೀ ಸಾಮ್ರಾಜ್ಯದ ಪದ್ಧತಿಯಾಯಿತು. ತಾನೇ ಅಚ್ಚು ಹಾಕಿದ ನಾಣ್ಯವನ್ನು ನಂಬಿ ಸರ್ಕಾರವೇ ಸೈನ್ಯ ಸಾಕಲು ಆಗದ ಸ್ಥಿತಿ. ಅಲ್ಲಿಂದ ಮುಂದಿನದೆಲ್ಲ ಒಂದಕ್ಕೊಂದು ಕೊಂಡಿ. ವಸ್ತುವಿನ ತೆರಿಗೆ ಬೇಕೆಂದರೆ ಯಾವ ಹೊಲದಲ್ಲಿ ಯಾರಿದ್ದಾರೆ ಅಂತ ಬರೆದಿಡಬೇಕು. ಬರೆದ ಮೇಲೆ ಅವರು ಅಲ್ಲೇ ಇರಬೇಕು. ಚಕ್ರವರ್ತಿ ಕಾನ್‌ಸ್ಟಂಟೈನ್‌ನ 332ರ ಕಾನೂನು ಓಡಿಹೋಗುವ ಗೇಣಿದಾರರಿಗೆ ಸಂಕೋಲೆ ಹಾಕಬಹುದು ಅನ್ನುತ್ತದೆ. ರೊಟ್ಟಿ ಸುಡುವವನ ಮಗ ರೊಟ್ಟಿಯನ್ನೇ ಸುಡಬೇಕು, ಹಡಗಿನವನ ಮಗ ಹಡಗನ್ನೇ ನಡೆಸಬೇಕು. ಊರಿನ ತೆರಿಗೆ ಕಮ್ಮಿ ಬಿದ್ದರೆ ಊರ ಸಭೆಯ ಸದಸ್ಯರು ಕೈಯಿಂದ ತುಂಬಬೇಕು. ಒಂದು ಕಾಲಕ್ಕೆ ಆ ಸದಸ್ಯತ್ವಕ್ಕಾಗಿ ಸ್ಪರ್ಧೆ ಇತ್ತು. ಈಗ ಅದನ್ನು ತಪ್ಪಿಸಿಕೊಂಡು ಓಡುವವರೇ ಜಾಸ್ತಿ.

ನಾಣ್ಯವೊಂದೇ ರೋಮನ್ನು ಕೆಡವಿತು ಅಂತ ನಾನು ಹೇಳುತ್ತಿಲ್ಲ. ಥರ್ಮಾಮೀಟರಿನಿಂದ ಜ್ವರ ಬರುವುದಿಲ್ಲ. ಯುದ್ಧ, ಪಿಡುಗು, ತಣ್ಣಗಾದ ಗಣಿ, ಸೈನಿಕರ ದರ್ಬಾರು ಇವೇ ಕಾಯಿಲೆ. ಆದರೆ ಕಾಯಿಲೆಯ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಒಬ್ಬೊಬ್ಬ ಚಕ್ರವರ್ತಿಯೂ ಕೊಟ್ಟ ಉತ್ತರ ಒಂದೇ: ಯಾರಿಗೂ ಕಾಣದ ಹಾಗೆ ಎಲ್ಲರ ಮೇಲೂ ಹಾಕು.

ಕಾನ್‌ಸ್ಟಂಟೈನ್ ಬೆಳ್ಳಿಯ ಆಸೆ ಬಿಟ್ಟು ಚಿನ್ನಕ್ಕೆ ಹೋದ. ಅವನ ಸಾಲಿಡಸ್ ನಾಣ್ಯ ಒಂದು ಪೌಂಡಿಗೆ 72, ಒಂದೊಂದು ಸುಮಾರು 4.5 ಗ್ರಾಂ, ಹೆಚ್ಚುಕಡಿಮೆ ಅಪರಂಜಿ. ಪೂರ್ವದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹನ್ನೊಂದನೇ ಶತಮಾನದ ತನಕ ಅದರ ಗುಣ ಕೆಡಲಿಲ್ಲ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಬೈಜಾಂಟಿಯಂನ, ಅಂದರೆ ಈ ಪೂರ್ವ ರೋಮಿನ, ಚಿನ್ನದ ನಾಣ್ಯಗಳ ರಾಶಿ ಸಿಕ್ಕಿದೆ. ಒಳ್ಳೆಯ ನಾಣ್ಯ ಬಂದಾಗ ನಮ್ಮವರು ಮತ್ತೆ ಕೈಚಾಚಿದರು. ಆದರೆ ಚಿನ್ನ ಇದ್ದದ್ದು ಅಧಿಕಾರಿಗಳ, ಸೈನ್ಯದ, ದೊಡ್ಡ ಜಮೀನ್ದಾರರ ಕೈಯಲ್ಲಿ. ದಿನಗೂಲಿಯವನಿಗೆ ಸಿಕ್ಕಿದ್ದು ಬೆಲೆ ಕಳೆದುಕೊಳ್ಳುತ್ತಲೇ ಹೋದ ತಾಮ್ರದ ಚಿಲ್ಲರೆ.

ದಿನಾರಿಯಸ್‌ನ ಹೆಸರು ಮಾತ್ರ ಸಾಯಲಿಲ್ಲ. ಗುಪ್ತರ ಶಾಸನಗಳಲ್ಲಿ ದೀನಾರ ಎಂದು ಬಂತು, ಅರಬರ ಬಾಯಲ್ಲಿ ದಿನಾರ್ ಆಯಿತು. ಇವತ್ತು ಕುವೈತ್‌ನಲ್ಲಿ, ಬಹ್ರೇನಿನಲ್ಲಿ ದುಡಿಯುವ ಮಂಗಳೂರು, ಉಡುಪಿ ಕಡೆಯವರು ಮನೆಗೆ ಹಣ ಕಳಿಸುವಾಗ ಲೆಕ್ಕ ಹಾಕುವುದು ಅದೇ ಹೆಸರಿನಲ್ಲಿ.

ಎರಡಾಗಿ ಒಡೆದ ಸಾಮ್ರಾಜ್ಯದ ಪಶ್ಚಿಮ ಭಾಗ 439ರಲ್ಲಿ ಕಾರ್ತೇಜನ್ನು ವ್ಯಾಂಡಲರು ಎಂಬ ಜರ್ಮನ್ ಪಂಗಡಕ್ಕೆ ಕಳೆದುಕೊಂಡಿತು. ಉತ್ತರ ಆಫ್ರಿಕಾದ ಧಾನ್ಯ, ಎಣ್ಣೆ, ತೆರಿಗೆ ಎಲ್ಲ ಹೋಯಿತು. ಸೈನ್ಯಕ್ಕೆ ಕೊಡಲು ಏನೂ ಉಳಿಯದಿದ್ದಾಗ ಸೈನ್ಯ ಇಟಲಿಯಲ್ಲೇ ಜಮೀನು ಕೇಳಿತು. 476ರಲ್ಲಿ ಅದರ ನಾಯಕ ಓಡೊಯಾಸರ್, ಹದಿಹರೆಯದ ಚಕ್ರವರ್ತಿ ರೋಮುಲಸ್ ಆಗಸ್ಟುಲಸನನ್ನು ಇಳಿಸಿದ. ಹುಡುಗನ ಚಂದ ನೋಡಿ, ವಯಸ್ಸು ನೋಡಿ ಕೊಲ್ಲಲಿಲ್ಲವಂತೆ. ಕಂಪೇನಿಯಾದಲ್ಲಿ ಬಂಧುಗಳ ಜೊತೆ ಬದುಕಿಕೊಳ್ಳಲಿ ಅಂತ ಕಳಿಸಿ ವರ್ಷಾಶನ ಗೊತ್ತುಮಾಡಿದ. 6,000 ಸಾಲಿಡಸ್, ಸುಮಾರು 27 ಕಿಲೋ ಚಿನ್ನ.